ಅರ್ಧ ಗಂಟೆಯ ಗಿಟಾರ್: ಸೋಗಾನೆ ಕಡೆಯಿಂದ ಒಂದು ಚಿಕ್ಕ ಇತಿಹಾಸ

ಭಾಗ 1/5 🎸
ನಿಮ್ಮ ಮನೇಲಿ ಗಿಟಾರ್ ಎಲ್ಲಿದೆ? ಬೀರು ಮೇಲಾ, ಮಂಚದ ಕೆಳಗಾ? ಕೊನೇ ಸಲ ಟ್ಯೂನ್ ಮಾಡಿದ್ದು ಯಾವಾಗ? ಉತ್ತರ ಹೇಳೋಕೆ ಸಂಕೋಚ ಆಗ್ತಿದ್ರೆ ಈ ಸರಣಿ ನಿಮಗೇ.

ಕಾಲೇಜು, ಕೆಲಸ, ಬಸ್ಸು ಎಲ್ಲ ಮುಗಿಸಿ ರಾತ್ರಿ ಅರ್ಧ ಗಂಟೆ ನುಡಿಸೋರು ನಮ್ಮ ಸೋಗಾನೆ, ಶಿವಮೊಗ್ಗ, ಭದ್ರಾವತಿ ಕಡೆ ಇದ್ದಾರೆ. ವರ್ಷಕ್ಕೆ ಒಂದೆರಡು ಸಲ ಗಣಪತಿ ಪೆಂಡಾಲಲ್ಲೋ ಕಾಲೇಜ್ ಡೇಯಲ್ಲೋ ಸ್ಟೇಜ್ ಹತ್ತುತ್ತಾರೆ, ಅಷ್ಟೇ. "ಪೂರ್ತಿ ಕಲಾವಿದನೂ ಅಲ್ಲ, ಬಿಟ್ಟವನೂ ಅಲ್ಲ" ಅಂತ ಜನ ಆಡ್ಕೊಳ್ತಾರೆ. ಇಂಥವರಿಗೆ ಸಂಗೀತದ ಇತಿಹಾಸದಲ್ಲಿ ಜಾಗ ಇದೆಯಾ? ನೋಡೋಣ ಬನ್ನಿ.

ಭಾಗ 2/5
ಮೊದಲು ವಾದ್ಯದ ಕಥೆ. ಇವತ್ತಿನ ಗಿಟಾರ್‌ಗೆ ಈ ಆಕಾರ ಕೊಟ್ಟವರಲ್ಲಿ ದೊಡ್ಡ ಹೆಸರು ಸ್ಪೇನ್‌ನ ಆಂಟೋನಿಯೊ ಡಿ ಟೊರೆಸ್ (1817–1892). ಅವನು ಗಿಟಾರಿನ ಒಡಲನ್ನು ದೊಡ್ಡದು ಮಾಡಿದ, ಸದ್ದು ತುಂಬಿ ಬಂತು. ಆಗ ತಂತಿ ಅಂದ್ರೆ ಪ್ರಾಣಿಗಳ ಕರುಳಿನಿಂದ ಮಾಡಿದ್ದು. ಅಮೆರಿಕದ ಮಾರ್ಟಿನ್ ಕಂಪನಿ 1922ರಲ್ಲಿ ಉಕ್ಕಿನ ತಂತಿಗೆಂದೇ ಗಟ್ಟಿಯಾದ ಗಿಟಾರ್ ಮಾಡಿ ಮಾರೋಕೆ ಶುರು ಮಾಡ್ತು. ಉಕ್ಕಿನ ಆರು ತಂತಿ ಸೇರಿದರೆ ಎಳೆತ ಸುಮಾರು 70 ಕೆ.ಜಿ. ಕತ್ತು ಬಗ್ಗದೆ ಇರುತ್ತಾ? ಅದಕ್ಕೆ ಕತ್ತಿನೊಳಗೆ ಲೋಹದ ಸರಳು ಕೂರಿಸೋ ಉಪಾಯಕ್ಕೆ ಗಿಬ್ಸನ್ ಕಂಪನಿ 1923ರಲ್ಲಿ ಪೇಟೆಂಟ್ ಪಡೀತು.

ಅದೇ 1923ರಲ್ಲಿ ಇಲ್ಲಿ ಏನಾಯ್ತು ಗೊತ್ತಾ? ಭದ್ರಾವತಿಯಲ್ಲಿ ಮೈಸೂರು ಕಬ್ಬಿಣದ ಕಾರ್ಖಾನೆ ಕುಲುಮೆ ಹಚ್ಚಿತು. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡ ಕಾಡಿನ ಇದ್ದಿಲು. ಗಿಟಾರ್ ತಂತಿಗೂ ಇದಕ್ಕೂ ನೇರ ನಂಟಿಲ್ಲ. ಆದ್ರೆ ಪಾಳಿ ಲೆಕ್ಕದಲ್ಲಿ ಬದುಕೋದನ್ನ ನಮ್ಮ ಊರಿಗೆ ಕಲಿಸಿದ್ದು ಆ ಕುಲುಮೆ. ಹಾಡು, ನಾಟಕ, ಭಜನೆ ಎಲ್ಲವೂ ಪಾಳಿ ಮುಗಿದ ಮೇಲೆ.

ಭಾಗ 3/5
ಕನ್ನಡದವರ ಕಣ್ಣಿಗೆ ಗಿಟಾರ್ ಕಟ್ಟಿಕೊಟ್ಟದ್ದು ಸಿನಿಮಾ. 1981ರ 'ಗೀತಾ' ನೆನಪಿಸಿಕೊಳ್ಳಿ: ಶಂಕರ್ ನಾಗ್ ನಿರ್ದೇಶನ ಮತ್ತು ನಟನೆ, ಇಳಯರಾಜ ಸಂಗೀತ. ನಮ್ಮ ಅಪ್ಪ ಅಮ್ಮನ ವಯಸ್ಸಿನವರಿಗೆ ಆ ಹಾಡುಗಳು ಇವತ್ತಿಗೂ ಬಾಯಿಪಾಠ. ಆಮೇಲೆ ಮೈಸೂರಲ್ಲಿ ಬೆಳೆದ ರಘು ದೀಕ್ಷಿತ್: ಸೂಕ್ಷ್ಮಜೀವಿ ವಿಜ್ಞಾನದಲ್ಲಿ ಚಿನ್ನದ ಪದಕ, ಭರತನಾಟ್ಯದ ಅಭ್ಯಾಸ, ಗಿಟಾರ್ ಮಾತ್ರ ತಾನಾಗೇ ಕಲಿತದ್ದು. 2008ರಲ್ಲಿ ಮೊದಲ ಆಲ್ಬಂ ಬಂತು.

ಈ ಕಥೆ ಕೇಳಿದವರೆಲ್ಲ "ಕೆಲಸ ಬಿಟ್ರೆ ಮಾತ್ರ ಸಂಗೀತ" ಅಂದ್ಕೊಳ್ತಾರೆ. ಹಾಗೇನಿಲ್ಲ ಮಾರಾಯ್ರೆ. ಮುಂದಿನ ಭಾಗ ಓದಿ.

ಭಾಗ 4/5
ಶಿವಮೊಗ್ಗ ಸುಬ್ಬಣ್ಣ (1938–2022). ಹುಟ್ಟಿದ್ದು ನಮ್ಮ ಜಿಲ್ಲೆಯ ನಗರದಲ್ಲಿ. ಹೊಟ್ಟೆಪಾಡಿಗೆ ವಕೀಲಿ ವೃತ್ತಿ. ಹಾಡಿದ್ದು ಆಕಾಶವಾಣಿಯಲ್ಲಿ, ವೇದಿಕೆಗಳಲ್ಲಿ. 'ಕಾಡು ಕುದುರೆ' ಚಿತ್ರದ ಹಾಡಿಗೆ 1978ರ ಸಾಲಿನ ರಾಷ್ಟ್ರಪ್ರಶಸ್ತಿ ಬಂತು. ಹಿನ್ನೆಲೆ ಗಾಯನಕ್ಕೆ ಆ ಪ್ರಶಸ್ತಿ ಪಡೆದ ಮೊದಲ ಕನ್ನಡಿಗ ಇವರೇ.

ಅವರು ಗಿಟಾರ್‌ನವರಲ್ಲ, ನಿಜ. ಆದರೆ ಕರಿ ಕೋಟು ತೊಟ್ಟುಕೊಂಡೇ ಕನ್ನಡ ಭಾವಗೀತೆಗೆ ದನಿಯಾದರು. ಹಾಗಾಗಿ "ದಿನಕ್ಕೆ ಎಷ್ಟು ಗಂಟೆ?" ಅನ್ನೋದೊಂದೇ ಅಳತೆ ಅಲ್ಲ. "ಎಷ್ಟು ವರ್ಷ ಬಿಡದೆ ಹಿಡಿದುಕೊಂಡಿದ್ದೀರಿ?" ಅಂತಲೂ ಕೇಳ್ಬೇಕು.

ಭಾಗ 5/5
ಜರ್ಮನಿಯ ಹರ್ಮನ್ ಎಬಿಂಗ್‌ಹೌಸ್ 1885ರಲ್ಲೇ ನೆನಪಿನ ಬಗ್ಗೆ ಬರೆದಿದ್ದ: ಒಂದೇ ದಿನ ಗಿಣಿಪಾಠ ಮಾಡೋದಕ್ಕಿಂತ ದಿನಗಳಿಗೆ ಹಂಚಿ ಕಲಿತದ್ದು ಚೆನ್ನಾಗಿ ನಿಲ್ಲುತ್ತೆ. ಭಾನುವಾರ ಮೂರು ಗಂಟೆ ಕೂತು ಬೆರಳು ನೋಯಿಸಿಕೊಳ್ಳೋ ಬದಲು ವಾರಕ್ಕೆ ಆರು ದಿನ ಅರ್ಧ ಗಂಟೆ ಹಿಡೀರಿ. ಒಟ್ಟು ಸಮಯ ಒಂದೇ, ಲಾಭ ಬೇರೆ.

ಹೀಗೆ ಮಾಡಿ, ಸೇವ್ ಮಾಡ್ಕೊಳ್ಳಿ:
• 3 ನಿಮಿಷ: ಟ್ಯೂನಿಂಗ್. ಆ್ಯಪ್ ನೋಡೋ ಮೊದಲು ಕಿವಿಗೆ ಕೆಲಸ ಕೊಡಿ.
• 7 ನಿಮಿಷ: ನಾಲ್ಕು ಬೆರಳಿಗೂ ನಿಧಾನದ ಕಸರತ್ತು.
• 8 ನಿಮಿಷ: ತೊಡಕಾಗೋ ಎರಡೇ ಎರಡು ಕಾರ್ಡ್‌ಗಳ ನಡುವೆ ಬದಲಾವಣೆ, ಮೆಟ್ರೊನೋಮ್ ಇಟ್ಟು.
• 10 ನಿಮಿಷ: ಒಂದು ಹಾಡು. ಅದರಲ್ಲೂ ತಪ್ಪೋ ಸಾಲು ಮೊದಲು.
• 2 ನಿಮಿಷ: ಫೋನಲ್ಲಿ ರೆಕಾರ್ಡ್. ತಿಂಗಳ ನಂತರ ಕೇಳಿ.

ನಮ್ಮ ಕಡೆಯವರಿಗೆ ಇನ್ನೊಂದು ಮಾತು. ಮಳೆಗಾಲದಲ್ಲಿ ಮರ ತೇವ ಹೀರಿ ಉಬ್ಬುತ್ತೆ, ತಂತಿ ತುಕ್ಕು ಹಿಡಿಯುತ್ತೆ. ನುಡಿಸಿದ ಮೇಲೆ ಒಣಬಟ್ಟೆಯಲ್ಲಿ ಒರೆಸಿ, ಒದ್ದೆ ಗೋಡೆಗೆ ಒರಗಿಸಬೇಡಿ. ಬೆರಳ ತುದಿಯ ಗಡಸು ಚರ್ಮ ವಾರಗಟ್ಟಲೆ ಬಿಟ್ಟರೆ ಮೆತ್ತಗಾಗುತ್ತೆ, ಮತ್ತೆ ಹಿಡಿದರೆ ಮತ್ತೆ ಬರುತ್ತೆ. ಹೆದರ್ಬೇಡಿ.

2023ರ ಫೆಬ್ರವರಿ 27ರಂದು ಸೋಗಾನೆಯಲ್ಲಿ ವಿಮಾನ ನಿಲ್ದಾಣ ಉದ್ಘಾಟನೆ ಆಯ್ತು, ಆಗಸ್ಟ್ 31ಕ್ಕೆ ಬೆಂಗಳೂರಿಂದ ಮೊದಲ ವಿಮಾನ ಬಂತು. ಓದಿಗೆ, ಕೆಲಸಕ್ಕೆ ಊರು ಬಿಡೋದು ಈಗ ಇನ್ನೂ ಸುಲಭ. ಹೋಗೋರು ಹೋಗಿ, ಇರೋರು ಇರಿ. ಅರ್ಧ ಗಂಟೆಯನ್ನ ಮಾತ್ರ ಬಿಟ್ಟು ಹೋಗ್ಬೇಡಿ.

ನಿಮ್ಮ ಅರ್ಧ ಗಂಟೆ ಯಾವ ಹೊತ್ತಿಗೆ? ಕಾಮೆಂಟಲ್ಲಿ ಹೇಳಿ. ಬೀರು ಮೇಲೆ ಗಿಟಾರ್ ಇಟ್ಟಿರೋ ಆ ಫ್ರೆಂಡ್‌ನ ಟ್ಯಾಗ್ ಮಾಡಿ.

#ಸೋಗಾನೆ #ಶಿವಮೊಗ್ಗ #ಭದ್ರಾವತಿ #ಗಿಟಾರ್ #ಕನ್ನಡದಲ್ಲಿಇತಿಹಾಸ