ಉಂಬ್ರಿಯಾದ ಆಲಿವ್ ಕೊಯ್ಲು

ಇಟಲಿಯ ನಡುನಾಡಾದ ಉಂಬ್ರಿಯಾ ಪ್ರಾಂತದಲ್ಲಿ, ಅಸ್ಸೀಸಿಯಿಂದ ಸ್ಪೊಲೇಟೊವರೆಗೆ ಸಾಗಿದ ಬೆಟ್ಟಸಾಲಿನ ಇಳಿಜಾರುಗಳಲ್ಲಿ ಕಲ್ಲಿನ ಒಡ್ಡುಗಳನ್ನು ಆಶ್ರಯಿಸಿ ನಿಂತ ಆಲಿವ್ ತೋಪುಗಳು, ಅಕ್ಟೋಬರ್ ಕಳೆಯುತ್ತ ಬಂದಂತೆ ಜನರಿಂದ ತುಂಬಿಕೊಳ್ಳುತ್ತವೆ. ಪೆರೂಜಾ ನಗರದಲ್ಲಿ 1925ರ ರಾಜಾಜ್ಞೆಯಿಂದ ವಿದೇಶೀಯರಿಗೆಂದು ಸ್ಥಾಪಿತವಾದ ವಿಶ್ವವಿದ್ಯಾನಿಲಯಕ್ಕೆ ಇಟಾಲಿಯನ್ ಭಾಷೆಯನ್ನು ಕಲಿಯಲು ಬಂದ ನನ್ನಂಥವರನ್ನೂ ಆ ಸೀಮೆಯ ರೈತರು ಕೊಯ್ಲಿಗೆ ಕೂಡಿಸಿಕೊಳ್ಳುವುದುಂಟು. ಅವರ ಆ ಸೌಜನ್ಯದಿಂದಲೇ ಈ ಕಾಯಕದ ಪೂರ್ವೇತಿಹಾಸವನ್ನು ಅರಿಯುವ ಹಂಬಲ ನನ್ನಲ್ಲಿ ಮೂಡಿದುದು.

ಮರದ ಬುಡದಲ್ಲಿ ಬಲೆ ಹಾಸಿ, ಏಣಿಯನ್ನು ಕವಲಿಗೆ ಆನಿಸಿ, ರೆಂಬೆಯನ್ನು ಎಡಗೈಯಿಂದ ಬಾಗಿಸಿ ಹಿಡಿದು, ಹಸುವಿನ ಹಾಲು ಕರೆಯುವವರಂತೆ ಬಲಗೈ ಬೆರಳುಗಳನ್ನು ಮೇಲಿನಿಂದ ಕೆಳಕ್ಕೆ ಎಳೆದರೆ, ಮೊರಾಯೋಲೊ ಎಂಬ ತಳಿಯ ಸಣ್ಣ ದುಂಡುಗಾಯಿಗಳು, ಹಸಿರು, ನೇರಳೆ, ಕಪ್ಪು ಎಲ್ಲವೂ ಒಂದಾಗಿ, ಪಟಪಟನೆ ಉದುರುತ್ತವೆ. ಕೋಲಿನಿಂದ ಬಡಿದರೆ ಕೆಲಸವೇನೋ ಬೇಗ ಮುಗಿದೀತು. ಆದರೆ ಈ ವರ್ಷ ಚಿಗುರಿದ ಎಳೆಯ ಕಡ್ಡಿಗಳಲ್ಲಿಯೇ ಬರುವ ವರ್ಷದ ಫಲ ಅಡಗಿರುವುದರಿಂದ, ಬಡಿದವನು ತನ್ನ ಮುಂದಿನ ಬೆಳೆಯನ್ನೇ ಮುರಿದಂತಾಗುತ್ತದೆ.

ಈ ವಿವೇಕವು ಬಹು ಪ್ರಾಚೀನವಾದುದು. ಕ್ರಿಸ್ತಪೂರ್ವ 2ನೆಯ ಶತಮಾನದಲ್ಲಿ ರೋಮಿನ ಕೇಟೋ ಬರೆದ ಕೃಷಿಗ್ರಂಥದಲ್ಲಿ ಆಲಿವ್ ಕೊಯ್ಲಿನ ಕರಾರಿನ ಮಾದರಿಯೊಂದಿದೆ. ಒಡೆಯನ ಅಥವಾ ಕಾವಲಿನವನ ಅಪ್ಪಣೆಯಿಲ್ಲದೆ ಮರವನ್ನು ಬಡಿಯಕೂಡದೆಂಬುದು ಅದರ ಒಂದು ವಿಧಿ. ಕಾಯಿಗಳನ್ನು ತಾವು ಕದ್ದಿಲ್ಲವೆಂದು ಕೊಯ್ಲಿನವರು ಪ್ರಮಾಣ ಮಾಡಬೇಕೆಂಬುದು ಇನ್ನೊಂದು. ಮರದ ಮೇಲಣ ಅಷ್ಟು ಮಮತೆಯೂ ಆಳಿನ ಮೇಲಣ ಅಷ್ಟು ಅವಿಶ್ವಾಸವೂ ಒಂದೇ ಲೇಖನಿಯಿಂದ ಹೊರಟವೆಂಬುದನ್ನು ನೆನೆದಾಗ ಮನಸ್ಸು ಮ್ಲಾನವಾಗುತ್ತದೆ.

ಮುಂದೆ ಶತಮಾನಗಳ ಕಾಲ ಈ ಬೆಟ್ಟಗಳಲ್ಲಿ ನಡೆದುದು ಮೆತ್ಸಾದ್ರಿಯಾ ಎಂಬ, ನಮ್ಮ ಕೋರು ಬೇಸಾಯವನ್ನೇ ಹೋಲುವ ಪದ್ಧತಿ: ಭೂಮಿ ಒಡೆಯನದು, ದುಡಿಮೆ ಇಡೀ ಸಂಸಾರದ್ದು, ಫಲ ಅರ್ಧರ್ಧ. 100 ಕಿಲೋ ಕಾಯಿಗೆ ಎಣ್ಣೆ ದೊರೆಯುವುದು ಸುಮಾರು 15 ಕಿಲೋ. ಅದರಲ್ಲಿಯೂ ಅರ್ಧವು ಒಡೆಯನ ಮನೆಗೆ ಸಂದ ಮೇಲೆ, ಚಳಿಯಲ್ಲಿ ಬೆರಳು ಮರಗಟ್ಟಿದ ಹೆಣ್ಣುಮಕ್ಕಳ ಪಾಲಿಗೆ ಎಷ್ಟು ಉಳಿದಿದ್ದೀತು! 1964ರ ಶಾಸನವು ಹೊಸ ಕರಾರುಗಳನ್ನು ನಿಷೇಧಿಸಿ, ಇದ್ದವುಗಳಲ್ಲಿ ರೈತನ ಪಾಲನ್ನು ಶೇಕಡ 58ಕ್ಕೆ ಏರಿಸಿತು. ಅಷ್ಟರಲ್ಲಿ 1956ರ ಫೆಬ್ರವರಿಯ ಘೋರ ಹಿಮವು ತೋಪುಗಳನ್ನು ಸುಟ್ಟಿತ್ತು. ಅನೇಕ ಸಂಸಾರಗಳು ಬೆಟ್ಟವನ್ನು ತೊರೆದು ಕಾರ್ಖಾನೆಗಳತ್ತ ಇಳಿದಿದ್ದುವು. 1985ರ ಜನವರಿಯಲ್ಲಿ ಹಿಮವು ಮತ್ತೆ ಎರಗಿತು. ಆದರೂ ಆಲಿವ್ ಸುಲಭವಾಗಿ ಸಾಯುವ ಜಾತಿಯಲ್ಲ: ಕಡಿದ ಬೊಡ್ಡೆಯ ಸುತ್ತಲೂ ಬೇರಿನಿಂದ ಎದ್ದ ಮೂರು ನಾಲ್ಕು ಕಾಂಡಗಳು ಉಂಗುರದಂತೆ ನಿಂತಿರುವುದನ್ನು ಇಂದಿಗೂ ಅಲ್ಲಲ್ಲಿ ಕಾಣಬಹುದು.

ಇಂದಿನ ಕೊಯ್ಲಿಗೆ ಮರಳಿದರೆ, ಗಾಣದಿಂದ ಆಗತಾನೆ ಇಳಿದ ಹಸಿರೆಣ್ಣೆಯನ್ನು, ಬೆಳ್ಳುಳ್ಳಿ ಉಜ್ಜಿದ ಸುಟ್ಟ ರೊಟ್ಟಿಯ ಮೇಲೆ ಸುರಿದುಕೊಟ್ಟಾಗ, ಅದರ ಖಾರ ಗಂಟಲಿಗೆ ತಾಗಿ ಕೆಮ್ಮು ಬರುತ್ತದೆ. ಆ ಕೆಮ್ಮು ಒಳ್ಳೆಯ ಎಣ್ಣೆಯ ಗುರುತೆಂದು ಊರವರು ಸಂತೋಷಪಡುತ್ತಾರೆ.

ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯು 2018ರಲ್ಲಿ ಈ ಇಳಿಜಾರುಗಳನ್ನು ಜಗತ್ತಿನ ಕೃಷಿಪರಂಪರೆಯ ಪಟ್ಟಿಗೆ ಸೇರಿಸಿತು. ಆ ಗೌರವವು ಒಡ್ಡು ಕಟ್ಟಿದವರಿಗೂ ಕಾಯಿ ಬಿಡಿಸಿದವರಿಗೂ ಮೊದಲು ಸಲ್ಲತಕ್ಕದ್ದು. ಅವರ ದುಡಿಮೆಯ ಸಾಕ್ಷಿಯಾಗಿ, ಒಡೆಯನಿಗೂ ರೈತನಿಗೂ ನಡುವಣ ಸಾಲ ಸಂದಾಯಗಳನ್ನು ಬರೆದಿಡುತ್ತಿದ್ದ ಕೋರಿನ ಲೆಕ್ಕದ ಪುಸ್ತಕಗಳು ಉಳಿದುಬಂದಿರುವ ಮನೆಗಳು ಅಲ್ಲಿವೆ. ಓದಿಗೆಂದು ಆ ಸೀಮೆಗೆ ಹೋಗುವ ನಮ್ಮ ತರುಣ ತರುಣಿಯರು ಕೊಯ್ಲಿನ ಬಿಡುವಿನಲ್ಲಿ ಹಿರಿಯರನ್ನು ಕೇಳಿ ಆ ಪುಸ್ತಕಗಳನ್ನು ತೆರೆಸಿ ನೋಡಲಿ.