ಇಟ್ಟಿಗೆ ಹಿಡಿದ ಕೈಗಳು

ಅಮೆರಿಕದಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ಮೊಮ್ಮಗನ ಕೋಣೆಯಲ್ಲಿ 80 ಎಂಬ ಅಂಕಿಯ ಕೆಂಪು ಅಂಗಿ ತೊಟ್ಟ ಆಟಗಾರನೊಬ್ಬನ ಚಿತ್ರವನ್ನು ಕಂಡೆ. ಅವನು ಜೆರ್ರಿ ರೈಸ್. ಹೆಸರು ಫುಟ್‌ಬಾಲ್ ಎಂದಿದ್ದರೂ ಚೆಂಡನ್ನು ಹೆಚ್ಚಾಗಿ ಕೈಯಲ್ಲೇ ಆಡುವ ಆ ಆಟ ನನಗೆ ಅರ್ಥವಾಗಲು ಎರಡು ವಾರ ಹಿಡಿಯಿತು. ಕ್ವಾರ್ಟರ್‌ಬ್ಯಾಕ್ ಎಂಬಾತ ದೂರಕ್ಕೆ ಎಸೆದ ಚೆಂಡನ್ನು, ಎದುರಾಳಿಗಳನ್ನು ತಪ್ಪಿಸಿಕೊಂಡು ಓಡಿ ಹಿಡಿಯುವವನೇ ವೈಡ್ ರಿಸೀವರ್. ರೈಸ್‌ನದು ಆ ಸ್ಥಾನ.

1962ರಲ್ಲಿ ಹುಟ್ಟಿದ ಅವನು ಬೆಳೆದದ್ದು ಮಿಸಿಸಿಪಿ ರಾಜ್ಯದ ಕ್ರಾಫರ್ಡ್ ಎಂಬ ಪುಟ್ಟ ಊರಿನಲ್ಲಿ. ತಂದೆ ಗಾರೆ ಕೆಲಸದವರು. ಬೇಸಿಗೆಯಲ್ಲಿ ಮಕ್ಕಳೂ ಜೊತೆಗೆ ದುಡಿಯಬೇಕಿತ್ತು. ಕೆಳಗಿನಿಂದ ಅಣ್ಣತಮ್ಮಂದಿರು ಎಸೆದ ಇಟ್ಟಿಗೆಗಳನ್ನು ಸಾರುವೆಯ ಮೇಲೆ ನಿಂತು ಹಿಡಿಯುವುದು ಇವನ ಪಾಲಿನ ಕೆಲಸ.

ಪ್ರೌಢಶಾಲೆಯಲ್ಲಿ ಒಂದು ದಿನ ತರಗತಿ ತಪ್ಪಿಸಿ ಅಲೆಯುತ್ತಿದ್ದಾಗ ಉಪಪ್ರಾಂಶುಪಾಲರು ಹಿಂದಿನಿಂದ ಬಂದರಂತೆ. ಹುಡುಗ ಬೆಚ್ಚಿ ಓಟ ಕಿತ್ತ. ಅವರು ಅವನನ್ನು ಕರೆಸಿ ಶಿಕ್ಷಿಸಿದರು. ಆದರೆ ಅಷ್ಟಕ್ಕೇ ಬಿಡದೆ ಅವನ ಓಟದ ವೇಗವನ್ನು ಫುಟ್‌ಬಾಲ್ ತರಬೇತುದಾರರಿಗೆ ತಿಳಿಸಿದರು. ಇಲ್ಲಿಗೆ ಬಂದಾಗ ನಾನು ಸ್ವಲ್ಪ ಹೊತ್ತು ಓದು ನಿಲ್ಲಿಸಿದೆ. ಅದರ ಕಾರಣವನ್ನು ಮುಂದೆ ಹೇಳುತ್ತೇನೆ.

ದೊಡ್ಡ ವಿಶ್ವವಿದ್ಯಾಲಯಗಳು ಅವನನ್ನು ಗಮನಿಸಲಿಲ್ಲ. ಅವನಿಗೆ ಅವಕಾಶ ಕೊಟ್ಟದ್ದು ಕಪ್ಪು ಜನರ ವಿದ್ಯಾಭ್ಯಾಸಕ್ಕೆಂದು 1950ರಲ್ಲಿ ಆರಂಭವಾದ ಮಿಸಿಸಿಪಿ ವ್ಯಾಲಿ ಸ್ಟೇಟ್ ಎಂಬ ಸಣ್ಣ ಸಂಸ್ಥೆ. ಅಲ್ಲಿನ ತರಬೇತುದಾರ ಆರ್ಚಿ ಕೂಲಿ ಸಂಪ್ರದಾಯವನ್ನು ಲೆಕ್ಕಿಸದವರು. ನಾಲ್ವರು ರಿಸೀವರ್‌ಗಳನ್ನು ಒಂದೇ ಬದಿಗೆ ನಿಲ್ಲಿಸಿ ವಿಲ್ಲಿ ಟಾಟನ್‌ನಿಂದ ಚೆಂಡು ಎಸೆಸುತ್ತಿದ್ದರು. 1984ರ ಋತುವೊಂದರಲ್ಲೇ ರೈಸ್ 27 ಬಾರಿ ಚೆಂಡು ಹಿಡಿದು ಟಚ್‌ಡೌನ್ ಗಳಿಸಿದ. ಆದರೂ ಅನುಮಾನ ಹೋಗಲಿಲ್ಲ: ಎದುರಾಳಿಗಳು ದುರ್ಬಲರು, ಇವನ ವೇಗವೂ ಸಾಲದು ಎಂದರು ಬಲ್ಲವರು. ಅಳತೆಗೋಲು ಹಿಡಿದವರ ಮಾತೇ ಹಾಗೆ!

ಸ್ಯಾನ್ ಫ್ರಾನ್ಸಿಸ್ಕೋ ತಂಡದ ಬಿಲ್ ವಾಲ್ಶ್ ಒಮ್ಮೆ ಹೋಟೆಲಿನ ಟೆಲಿವಿಷನ್ನಿನಲ್ಲಿ ಈ ಹುಡುಗನ ಆಟ ನೋಡಿದ್ದರು. 1985ರಲ್ಲಿ ಇತರ ತಂಡದೊಡನೆ ವಿನಿಮಯ ಮಾಡಿಕೊಂಡು 16ನೆಯ ಆಯ್ಕೆಯಾಗಿ ಅವನನ್ನು ಪಡೆದರು. ಮೊದಲ ವರ್ಷ ಅವನು ಎಷ್ಟೋ ಚೆಂಡುಗಳನ್ನು ಕೈಚೆಲ್ಲಿದ. ಸ್ವಂತ ಊರಿನ ಪ್ರೇಕ್ಷಕರೇ ಕೂಗಿ ಅಣಕಿಸಿದರು. ಅವನು ಅಭ್ಯಾಸ ಬಿಡಲಿಲ್ಲ. ಋತು ಮುಗಿದ ಮೇಲೂ ಕಡಿದಾದ ಗುಡ್ಡದ ದಾರಿಯನ್ನು ಓಡಿ ಹತ್ತುತ್ತಿದ್ದ. 1989ರ ಜನವರಿಯ ಸೂಪರ್ ಬೌಲ್‌ನಲ್ಲಿ 11 ಚೆಂಡು ಹಿಡಿದು 215 ಗಜ ಗಳಿಸಿ ಪಂದ್ಯಶ್ರೇಷ್ಠನಾದ. 2004ರವರೆಗೆ, 20 ಋತುಗಳಲ್ಲಿ, 1,549 ಬಾರಿ ಚೆಂಡು ಹಿಡಿದು 22,895 ಗಜ ಗಳಿಸಿದ. ಎರಡನೆಯ ಸ್ಥಾನದವನು ಅವನಿಗಿಂತ ಐದು ಸಾವಿರ ಗಜಗಳಿಗೂ ಹೆಚ್ಚು ಹಿಂದಿದ್ದಾನೆ.

2010ರಲ್ಲಿ ಕೀರ್ತಿಭವನದ ಗೌರವ ಸ್ವೀಕರಿಸುತ್ತಾ ಅವನು ತನ್ನನ್ನು ಓಡಿಸಿದ್ದು ಸೋಲಿನ ಭಯವೆಂದೂ, ಆ ಭಯದಲ್ಲಿ ತನ್ನ ಆಟವನ್ನು ತಾನೇ ಸವಿಯಲಾಗಲಿಲ್ಲವೆಂದೂ ಒಪ್ಪಿಕೊಂಡ. ಈ ಮಾತನ್ನು ಮೊಮ್ಮಗನಿಗೆ ಹೇಳಿದೆ. ಅವನಿಗೆ ಅದು ಅಷ್ಟು ರುಚಿಸಲಿಲ್ಲ.

ಓದು ನಿಲ್ಲಿಸಿದ ಕಾರಣ ಇದು. ನಾನು ಪಾಠ ಮಾಡುತ್ತಿದ್ದ ಶಾಲೆಯೊಂದರಲ್ಲಿ ಹುಡುಗನೊಬ್ಬ ಗಣಿತದ ಅವಧಿಯಲ್ಲಿ ಕಾಂಪೌಂಡ್ ಹಾರಿ ಓಡಿದ್ದ. ಆಳೆತ್ತರದ ಗೋಡೆ, ಒಂದೇ ನೆಗೆತ. ಮರುದಿನ ಬೆತ್ತ ಹಿಡಿದೆ, ಪೋಷಕರನ್ನು ಕರೆಸಿದೆ. ವ್ಯಾಯಾಮ ಶಿಕ್ಷಕರ ಕೊಠಡಿ ಪಕ್ಕದಲ್ಲೇ ಇತ್ತು. ಅಲ್ಲಿಗೆ ಅವನನ್ನು ಕರೆದೊಯ್ಯಬೇಕೆಂದು ನನಗೆ ತೋಚಲೇ ಇಲ್ಲ. ಆ ವರ್ಷವೇ ಅವನು ಶಾಲೆ ಬಿಟ್ಟ. ಅವನ ಸಹಪಾಠಿಗಳು ಯಾರಾದರೂ ಇದನ್ನು ಓದುತ್ತಿದ್ದರೆ, ಈಗ ಎಲ್ಲಿದ್ದಾನೆಂದು ನನಗೆ ದಯವಿಟ್ಟು ತಿಳಿಸಿ.