ಬೀಳುವ ಮೊದಲಿನ ಗೆರೆ: ಗುರುತ್ವ ಮತ್ತು ಚಲನೆಯ ಕಲಿಕೆಯಲ್ಲಿ ಮಕ್ಕಳ ಚಿತ್ರ

ಪ್ರಾಥಮಿಕ ಶಾಲೆಯ ವಿಜ್ಞಾನದಲ್ಲಿ ಚಿತ್ರಕ್ಕೆ ಜಾಗ ಸಿಗುವುದು ಬಹುಪಾಲು ಪಾಠ ಮುಗಿದ ಮೇಲೆ: ಪುಸ್ತಕ ನೋಡಿ ಬರೆದು ಭಾಗಗಳನ್ನು ಗುರುತಿಸಿದರೆ ಅಂಕ. ಗುರುತ್ವ ಮತ್ತು ಚಲನೆಯ ಮಟ್ಟಿಗೆ ಈ ಕ್ರಮ ತಿರುಗುಮುರುಗಾಗಿದೆ ಎಂಬುದು ಈ ಲೇಖನದ ವಾದ. ವಸ್ತು ಬೀಳುವ ಮೊದಲೇ ಮಗು ಅದರ ದಾರಿಯನ್ನು ಎಳೆಯಬೇಕು. 'ಕಲ್ಲು ಕೆಳಗೆ ಬೀಳುತ್ತದೆ' ಎನ್ನಲು ಯಾವ ಮಗುವಿಗೂ ಕಷ್ಟವಿಲ್ಲ. ಆದರೆ ಗೆರೆ ಎಳೆಯುವಾಗ ಆ ಕೆಳಗು ಯಾವ ಕಡೆಗೆ ಎಂದು ತೀರ್ಮಾನಿಸದೆ ವಿಧಿಯಿಲ್ಲ.

ಪಿಯಾಜೆ ಮತ್ತು ಇನ್ಹೆಲ್ಡರ್ 1948ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಚಿಕ್ಕ ಮಕ್ಕಳು ವಾಲಿಸಿದ ಸೀಸೆಯ ನೀರಿನ ಮಟ್ಟವನ್ನು ಸೀಸೆಯ ತಳಕ್ಕೆ ಸಮಾಂತರವಾಗಿ ಬರೆದರು; ಗುಡ್ಡದ ಮರಗಳನ್ನು ಇಳಿಜಾರಿಗೇ ಲಂಬವಾಗಿ ನಿಲ್ಲಿಸಿದರು. ಇದು ಕೈ ಪಳಗದ ದೋಷವಷ್ಟೇ ಅಲ್ಲ. ಮಗು ಕಣ್ಣಿಗೆ ಹತ್ತಿರದ ಅಂಚನ್ನು ಆಧಾರವಾಗಿ ಹಿಡಿಯುತ್ತದೆ, ದೂರದ ನೆಲವನ್ನಲ್ಲ. 1976ರಲ್ಲಿ ನುಸ್ಬಾಮ್ ಮತ್ತು ನೊವಾಕ್ ಎರಡನೆಯ ತರಗತಿಯ ಮಕ್ಕಳನ್ನು ಪ್ರಶ್ನಿಸಿದಾಗ ಇದೇ ತೊಡಕು ಭೂಮಿಯ ಗಾತ್ರಕ್ಕೆ ಹಿಗ್ಗಿ ಕಂಡಿತು: ಭೂಮಿ ಗುಂಡಗಿದೆ ಎಂದವರಲ್ಲೇ ಕೆಲವರ ಪಾಲಿಗೆ ಭೂಮಿಯ ಅಡಿಭಾಗದಲ್ಲಿ ಕೈಬಿಟ್ಟ ಕಲ್ಲು ಆಚೆಗೆ ಉದುರಿಹೋಗುತ್ತಿತ್ತು.

ಮಕ್ಕಳ ಚಿತ್ರವನ್ನು ಹೀಗೆ ಅವರ ತಿಳುವಳಿಕೆಯ ಸಾಕ್ಷಿಯಾಗಿ ಓದುವುದಕ್ಕೆ ಬಲವಾದ ಆಕ್ಷೇಪವೂ ಇದೆ. ವೊಸ್ನಿಯಾಡೌ ಮತ್ತು ಬ್ರೂವರ್ 1992ರಲ್ಲಿ ಮಕ್ಕಳ ಚಿತ್ರ ಮತ್ತು ಉತ್ತರಗಳಿಂದ ಚಪ್ಪಟೆ ಭೂಮಿ, ಟೊಳ್ಳು ಗೋಳ ಮುಂತಾದ ಮನೋಮಾದರಿಗಳನ್ನು ಗುರುತಿಸಿದ್ದರು. ನೋಬ್ಸ್ ಮತ್ತು ಪನಾಗಿಯೊಟಾಕಿ 2007ರಲ್ಲಿ ಅಂಥದೇ ಕೆಲಸವನ್ನು ವಯಸ್ಕರಿಗೆ ಕೊಟ್ಟಾಗ ಅವರೂ ಹಲವರು 'ತಪ್ಪು' ಚಿತ್ರಗಳನ್ನೇ ಬರೆದರು. ಎಂದರೆ ಪ್ರಶ್ನೆಯ ಅಸ್ಪಷ್ಟತೆಯೇ ತಪ್ಪನ್ನು ಹುಟ್ಟಿಸಬಲ್ಲದು. ಚಲನೆಯ ವಿಷಯದಲ್ಲಿ ಕೈಸರ್, ಪ್ರಾಫಿಟ್ ಮತ್ತು ಆಂಡರ್ಸನ್ 1985ರಲ್ಲಿ ತೋರಿಸಿದ್ದು ಇನ್ನೂ ಮುಜುಗರದ ಸಂಗತಿ: ನಿಶ್ಚಲ ಚಿತ್ರದಲ್ಲಿ ತಪ್ಪು ದಾರಿಯನ್ನು ಆರಿಸುವ ಅನೇಕರು ಚಲಿಸುವ ದೃಶ್ಯದಲ್ಲಿ ಸರಿಯಾದುದನ್ನು ಗುರುತಿಸುತ್ತಾರೆ. ಹಾಗಾದರೆ ಚಿತ್ರವನ್ನು ನಂಬುವುದು ಹೇಗೆ? ಪರೀಕ್ಷೆಯ ಸಾಧನವಾಗಿ ನಂಬಬಾರದು. ಅಷ್ಟರ ಮಟ್ಟಿಗೆ ಆಕ್ಷೇಪ ಪೂರ್ತಿ ಸರಿ. ಆದರೆ ಕಣ್ಣು ಬಲ್ಲದ್ದನ್ನು ಕೈ ಬರೆಯಲಾರದೆಂದರೆ, ಕಲಿಸಬೇಕಾದ ಜಾಗ ಅದೇ. ಆ ಅಂತರ ಚಿತ್ರವಿಲ್ಲದೆ ಬಯಲಾಗುವುದೂ ಇಲ್ಲ.

ಉದಾಹರಣೆಗೆ, ನಡೆಯುತ್ತಿರುವವರ ಕೈಯಿಂದ ಜಾರಿದ ಚೆಂಡು. ಅದು ಕೈಬಿಟ್ಟ ಜಾಗದಿಂದ ನೆಟ್ಟಗೆ ಕೆಳಕ್ಕೆ ಬೀಳುತ್ತದೆಂದು ಕಾಲೇಜು ವಿದ್ಯಾರ್ಥಿಗಳಲ್ಲೂ ಹಲವರು ಬರೆಯುತ್ತಾರೆಂದು ಮೆಕ್ಲಾಸ್ಕಿ 1983ರಲ್ಲಿ ವಿವರಿಸಿದರು. ನಿಜದಲ್ಲಿ ಅದು ನಡೆಯುವವರ ಜೊತೆಗೇ ಮುಂದೆ ಸಾಗುತ್ತ ಬಾಗಿ ಇಳಿಯುತ್ತದೆ. ತರಗತಿಯಲ್ಲಿ ಮಕ್ಕಳು ಮೊದಲು ಗೆರೆ ಎಳೆಯಲಿ, ಆಮೇಲೆ ಅಂಗಳದಲ್ಲಿ ಚೆಂಡು ಬಿಡಲಿ, ಹಳೆಯ ಗೆರೆಯನ್ನು ಅಳಿಸದೆ ಅದರ ಪಕ್ಕದಲ್ಲೇ ಹೊಸದನ್ನು ಬರೆಯಲಿ. ಗೆರೆಯಲ್ಲಿ ಕಾಲ ಕಾಣದು ಎಂಬ ಕೊರತೆಯನ್ನು ಚುಕ್ಕಿಗಳಿಂದ ನೀಗಿಸಬಹುದು: ನಿಶ್ಚಲ ಸ್ಥಿತಿಯಿಂದ ಬೀಳುವ ವಸ್ತು ಸಮಾನ ಕಾಲಾವಧಿಗಳಲ್ಲಿ ಕ್ರಮಿಸುವ ದೂರಗಳು 1, 3, 5, 7ರ ಅನುಪಾತದಲ್ಲಿರುತ್ತವೆ ಎಂಬ ಗೆಲಿಲಿಯೊನ ನಿಯಮವನ್ನು ಲೆಕ್ಕವಿಲ್ಲದೆ, ಬರಬರುತ್ತ ದೂರವಾಗುವ ಚುಕ್ಕಿಗಳಾಗಿ ಚಿಕ್ಕ ಮಕ್ಕಳೂ ಬರೆಯಬಲ್ಲರು. ಏಕೆ ಹಾಗೆ ಎಂಬ ಪ್ರಶ್ನೆಗೆ ಮಾತ್ರ ಚಿತ್ರ ಉತ್ತರಿಸದು. ಅದಕ್ಕೆ ಶಿಕ್ಷಕರ ಮಾತೇ ಬೇಕು. ಮೊದಲ ಗೆರೆಗೆ ಅಂಕ ಕೊಡುವ ಪದ್ಧತಿಯನ್ನಂತೂ ಬಿಡಬೇಕು. ಅಂಕದ ಅಂಜಿಕೆ ಇರುವಲ್ಲಿ ಮಗು ತಾನು ನಂಬಿದ್ದನ್ನು ಬಿಟ್ಟು ಪುಸ್ತಕದಲ್ಲಿರುವುದನ್ನು ಬರೆಯುತ್ತದೆ.